ಬಗ್ಗಿದವರಿಗೇ ಗುದ್ದು ಹೆಚ್ಚು, ಅಲ್ವೇ?

'ಸೂಪರ್‌ವೈಸರ್ ಬಾಯಿಗೆ ಬಂದಂಗ ಬೈತಾನ್ರೀ ಅಕ್ಕಾರ. ನೀರು ಕುಡಿಯಾಕ ಎದ್ದರೂ ಬೈಗಳ, ಬಾತ್‌ರೂಮಿಗೆ ಹೋದರೂ ಬೈಗಳ. ಮಗಳು ದಿನಾ ಅಳಕೋತ ಮನಿಗೆ ಬರ್ತಾಳ...'

ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವಾಕೆ ಹೀಗೆ ಹೇಳಿದರೆ ನೀವು ಏನು ಉತ್ತರ ಕೊಡ್ತೀರಿ? ನಿಜ ಹೇಳಿ. 'ಏನ್ ಮಾಡೋದವ್ವ, ನೌಕರಿ ಅಂದ್ರ ಹಂಗ. ಸ್ವಲ್ಪ ಹೊಂದಿಕೊಂಡು ಹೋಗು ಅನ್ನು' ಎನ್ನುತ್ತೀರಿ. ಅಥವಾ 'ಆ ಕೆಲಸಾನ ಬಿಡಿಸಿಬಿಡು, ಹೊತ್ತಿಗೆ ಸರಿಯಾಗಿ ಮದುವಿ ಮಾಡು' ಎನ್ನುತ್ತೀರಿ. ಎರಡೂ ಪ್ರೀತಿಯಿಂದಲೇ ಹೇಳುವ ಮಾತು, ಅದರಲ್ಲಿ ಅನುಮಾನವಿಲ್ಲ. ಆದರೆ ಗೆಳತಿಯರೇ, ಒಂದು ಕ್ಷಣ ಯೋಚಿಸಿ. ಮೊದಲನೆಯ ಸಲಹೆ ಕೇಳಿದರೆ ಹುಡುಗಿ ಬೈಗುಳ ತಿನ್ನುತ್ತಲೇ ಇರಬೇಕು. ಎರಡನೆಯದನ್ನು ಕೇಳಿದರೆ ತಪ್ಪು ಮಾಡಿದವನು ಕುರ್ಚಿಯಲ್ಲೇ ಇರ್ತಾನೆ, ತಪ್ಪು ಮಾಡದವಳ ಸಂಬಳ ಹೋಗುತ್ತೆ. ಎರಡರಲ್ಲೂ ಗೆದ್ದವನು ಅವನೇ!

ಅಂದರೆ ಬೈಯುವ ಮೇಲ್ವಿಚಾರಕನಿಗೆ ದೊಡ್ಡ ರಕ್ಷಣೆ ಎಲ್ಲಿಂದ ಸಿಗ್ತಾ ಇದೆ? ಕಾರ್ಖಾನೆಯ ಮಾಲೀಕನಿಂದ ಮಾತ್ರ ಅಲ್ಲ, ನಮ್ಮ ಮನೆಗಳಿಂದಲೂ. ಹುಡುಗಿ ಮನೆಯಲ್ಲಿ ಬಾಯಿ ಬಿಟ್ಟರೆ ಮರುದಿನವೇ ಅವಳ ಕೆಲಸ ಬಿಡಿಸುತ್ತಾರೆ ಎನ್ನುವುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಹಾಗಾಗಿ ಅವಳು ಮನೆಯಲ್ಲಿ ಹೇಳುವುದೇ ಇಲ್ಲ. ಅವನು ನಿಲ್ಲಿಸುವುದೂ ಇಲ್ಲ.

ದೂರದ ಮಾತಲ್ಲ

'ಇದೆಲ್ಲ ಬೆಂಗಳೂರಿನ ಗಾರ್ಮೆಂಟ್ಸ್ ಕಥೆ, ನಮಗ್ಯಾಕ್ರೀ?' ಅಂತೀರಾ? ಬೀಳಗಿ ತಾಲ್ಲೂಕಿನ ಬಾಡಗಂಡಿ ಇರಲಿ, ಜಮಖಂಡಿ, ಮುಧೋಳ ಇರಲಿ, ನಮ್ಮ ಸುತ್ತಮುತ್ತ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮ್ ಸದ್ದು ಕೇಳದೆ ಬೆಳಗಾಗುವುದಿಲ್ಲ. ಕಾರ್ಖಾನೆ ಎಂದರೆ ಯಂತ್ರ, ಗಂಡಸರು, ಲಾರಿ ಎಂದಷ್ಟೇ ನಮ್ಮ ಕಣ್ಣಿಗೆ ಕಾಣುತ್ತೆ. ಕಸ ಗುಡಿಸುವವರು, ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವವರು, ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತುವವರು ಹೆಚ್ಚಾಗಿ ಹೆಂಗಸರು. ನಾವು ಉಡುವ ಸೀರೆಯಲ್ಲಿ, ಚಹಾಕ್ಕೆ ಹಾಕುವ ಸಕ್ಕರೆಯಲ್ಲಿ ಅವರ ಕೈಯೂ ಇದೆ.

ಆದರೂ ಬೆಂಗಳೂರಿನ ಕಡೆ ಒಮ್ಮೆ ನೋಡಲೇಬೇಕು. ಯಾಕೆಂದರೆ ನಮ್ಮ ರಾಜ್ಯದಲ್ಲಿ ಇಷ್ಟು ದೊಡ್ಡ ಸಂಖ್ಯೆಯ ಹೆಣ್ಣುಮಕ್ಕಳು ಒಂದೇ ಬಗೆಯ ಕಾರ್ಖಾನೆಗಳಲ್ಲಿ ದುಡಿಯುವುದು ಸಿದ್ಧ ಉಡುಪಿನ ಘಟಕಗಳಲ್ಲೇ. ತಲೆ ಎತ್ತಿ ನಿಂತರೆ ಏನಾಗುತ್ತೆ ಎಂಬ ಪಾಠ ಸಿಗುವುದೂ ಅಲ್ಲೇ.

ಬೈಗುಳ ಯಾಕೆ ಹುಟ್ಟುತ್ತೆ?

ಗಾರ್ಮೆಂಟ್ಸ್‌ನಲ್ಲಿ ಒಂದು ಅಂಗಿಯನ್ನು ಒಬ್ಬಳೇ ಹೊಲಿಯುವುದಿಲ್ಲ. ಒಬ್ಬಳು ಕಾಲರ್, ಇನ್ನೊಬ್ಬಳು ತೋಳು, ಮತ್ತೊಬ್ಬಳು ಜೇಬು. ಸಾಲಾಗಿ ಮೆಷಿನ್. ಗಂಟೆಗೆ ಇಷ್ಟು ಪೀಸ್ ಆಗಲೇಬೇಕು ಎನ್ನುವ ಟಾರ್ಗೆಟ್. ಒಬ್ಬಳು ಐದು ನಿಮಿಷ ಎದ್ದರೆ ಅವಳ ಮುಂದೆ ಪೀಸ್ ರಾಶಿ ಬೀಳುತ್ತೆ, ಹಿಂದಿನವಳು ಖಾಲಿ ಕೂರುತ್ತಾಳೆ. ಆಗ ಶುರು ನೋಡಿ ಸೂಪರ್‌ವೈಸರ್ ಬಾಯಿ!

ಅವನ ಮೇಲೂ ಒತ್ತಡವಿದೆ ಎಂಬುದನ್ನು ಒಪ್ಪೋಣ. ಅವನಿಗೆ ಮೇಲಿನ ಇನ್‌ಚಾರ್ಜ್ ಬೈತಾನೆ, ಅವನಿಗೆ ಮ್ಯಾನೇಜರ್ ಬೈತಾನೆ. ಮ್ಯಾನೇಜರ್‌ಗೆ ಇಂಥ ದಿನಾಂಕಕ್ಕೆ ಹಡಗಿಗೆ ಮಾಲು ಹತ್ತಬೇಕು ಎನ್ನುವ ವಿದೇಶಿ ಕಂಪನಿಯ ಗಡುವು. ಆ ಕಂಪನಿಗೆ ಕಡಿಮೆ ಬೆಲೆಗೆ ಬಟ್ಟೆ ಬೇಕು. ಹೀಗೆ ಮೇಲಿನಿಂದ ಜಾರಿ ಬಂದ ಒತ್ತಡ ಕೊನೆಗೆ ಬಂದು ಬೀಳುವುದು ತಿರುಗಿ ಮಾತಾಡಲಾರದವಳ ತಲೆ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಆದರೆ ಒತ್ತಡ ಇದೆ ಎಂದ ಮಾತ್ರಕ್ಕೆ ತಾಯಿ-ತಂಗಿ ಹೆಸರೆತ್ತಿ ಬೈಯುವುದು, ಬಟ್ಟೆಯ ಪೀಸನ್ನು ಮುಖಕ್ಕೆ ಎಸೆಯುವುದು, ಮೈ ಮುಟ್ಟುವುದು ಸರಿಯಾಗಿಬಿಡುತ್ತಾ? ಅಡುಗೆ ತಡವಾಯಿತು ಎಂದು ಗಂಡ ತಟ್ಟೆ ಎಸೆದರೆ ಅವನಿಗೂ ಆಫೀಸಿನಲ್ಲಿ ಟೆನ್ಷನ್ ಇತ್ತು ಎಂದು ಸುಮ್ಮನಿರಬೇಕಾ?

ಒಟ್ಟಿಗೆ ನಿಂತಾಗ

2016ರ ಏಪ್ರಿಲ್ 18 ಮತ್ತು 19 ನೆನಪಿದೆಯಾ? ಪಿ.ಎಫ್. ಖಾತೆಯಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಆ ದುಡ್ಡೇ ಮಗಳ ಮದುವೆ, ಅದೇ ಮಗನ ಫೀಸು, ಅದೇ ಕೆಲಸ ಬಿಟ್ಟ ಮೇಲಿನ ಆಸರೆ. ಮೇಲ್ವಿಚಾರಕನ ಎದುರು ಐದು ನಿಮಿಷದ ಬಿಡುವು ಕೇಳಲೂ ಅಂಜುತ್ತಿದ್ದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಮೆಷಿನ್ ಬಿಟ್ಟು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನ ಕಲ್ಲು ಬಿದ್ದವು, ಬಸ್ಸು ಸುಟ್ಟವು, ಲಾಠಿ ಬೀಸಿದರು. ಬೆಂಕಿ ಹಚ್ಚಿದ್ದನ್ನು ಯಾರೂ ಮೆಚ್ಚಬೇಕಿಲ್ಲ. ಆದರೆ 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಅದರ ಲಾಭ ಸಿಕ್ಕಿದ್ದು ದೇಶದ ಎಲ್ಲ ಪಿ.ಎಫ್. ಖಾತೆದಾರರಿಗೆ. ನಿಮ್ಮ ಯಜಮಾನರದ್ದು ಪಿ.ಎಫ್. ಇರುವ ಕೆಲಸವಾದರೆ ಅವರಿಗೂ!

ಇನ್ನೊಂದು ಪ್ರಸಂಗ ನೇರವಾಗಿ ಮೇಲಿನವರ ದೌರ್ಜನ್ಯದ್ದೇ. 2018ರ ಏಪ್ರಿಲ್. ಬೆಂಗಳೂರಿನಲ್ಲಿ ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ 8ನೇ ಘಟಕದ ಕಾರ್ಮಿಕರು ಸಂಬಳ ಹೆಚ್ಚಿಸಿ, ಕುಡಿಯಲು ಒಳ್ಳೆಯ ನೀರು ಕೊಡಿ ಎಂದು ಮನವಿ ಬರೆದು ಕೊಟ್ಟರು. ಕೇಳಿದ್ದು ಇಷ್ಟೇ, ಅದೂ ಕಾಗದದ ಮೇಲೆ. ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಡೆತ, ಜಾತಿ ಹಿಡಿದು ಬೈಗುಳ, ಬೆದರಿಕೆ ಎಂದು ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ ವಿಚಾರಣೆ ನಡೆಸಿ ವರದಿ ಮಾಡಿತು. 15 ಕಾರ್ಮಿಕರನ್ನು ಅಮಾನತಿನಲ್ಲಿ ಇಟ್ಟಿದ್ದರು. ಸಂಘ ಬಿಡಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳ ತನಕ ಸುದ್ದಿ ಮುಟ್ಟಿತು. ಅದೇ ಜೂನ್ ಹೊತ್ತಿಗೆ ಆ 15 ಜನರನ್ನೂ ಹಿಂಬಾಕಿ ಸಂಬಳದ ಜೊತೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಲು ಕಂಪನಿ ಒಪ್ಪಿತು.

ಗಮನಿಸಿ, ಇಲ್ಲಿ ಕೆಲಸ ಮಾಡಿದ್ದು ಮೂರು ಸಂಗತಿ. ಅವರು ಬರೆದು ಕೊಟ್ಟಿದ್ದರು. ಒಬ್ಬೊಬ್ಬರೇ ಹೋಗಿರಲಿಲ್ಲ. ಹೊರಗಿನವರು ಅವರ ಬೆನ್ನಿಗೆ ನಿಂತರು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕಥೆ ಬೇರೆಯೇ ಆಗ್ತಿತ್ತು.

ಎಲ್ಲ ಸಲ ಗೆಲುವೇ ಸಿಗುತ್ತೆ ಎಂದು ನಾನು ಹೇಳುವುದಿಲ್ಲ. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಕಾರ್ಖಾನೆಯಿಂದ ಮೆಷಿನ್ ಸಾಗಿಸಲು ಹೊರಟಾಗ ಅಲ್ಲಿನ ಸುಮಾರು 1,300 ಕಾರ್ಮಿಕರು, ಹೆಚ್ಚಿನವರು ಹೆಂಗಸರು, ವಾರಗಟ್ಟಲೆ ಧರಣಿ ಕೂತರು. ಬಹಳ ಜನ ಕೊನೆಗೆ ಪರಿಹಾರದ ಹಣ ತೆಗೆದುಕೊಂಡು ಹೊರಬರಬೇಕಾಯಿತು. ಎದ್ದು ನಿಂತರೆ ನಷ್ಟವೂ ಆಗಬಹುದು. ಆದರೆ ಬಗ್ಗಿ ನಿಂತರೆ ನಷ್ಟವೇ ಇಲ್ಲ ಎಂದು ಯಾರು ಹೇಳಿದರು?

ಸುಮ್ಮನಿದ್ದುದರ ಬೆಲೆ

ಪಕ್ಕದ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 2021ರ ಜನವರಿಯಲ್ಲಿ ಗಾರ್ಮೆಂಟ್ಸ್ ಕೆಲಸದ ದಲಿತ ಹುಡುಗಿಯೊಬ್ಬಳ ಕೊಲೆಯಾಯಿತು. ವಯಸ್ಸು ಕೇವಲ 20. ಆರೋಪ ಬಂದದ್ದು ಅವಳ ಮೇಲ್ವಿಚಾರಕನ ಮೇಲೆಯೇ. ಅವನು ಬಹಳ ದಿನದಿಂದ ಕಾಡುತ್ತಿದ್ದ ಎಂದು ಮನೆಯವರು, ಜೊತೆ ಕೆಲಸದವರು ಹೇಳಿದರು. ಓದಿದರೆ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಆದರೆ ಅಲ್ಲಿನ ಹೆಂಗಸರು ಅತ್ತು ಸುಮ್ಮನಾಗಲಿಲ್ಲ. ದಲಿತ ಮಹಿಳೆಯರೇ ಮುಂದೆ ನಿಂತು ನಡೆಸುವ ಸಂಘವೊಂದು ಬಿಡದೆ ಹೋರಾಡಿತು. 2022ರ ಏಪ್ರಿಲ್‌ನಲ್ಲಿ ಕಂಪನಿಯ ಜೊತೆ, ಬಟ್ಟೆ ಕೊಳ್ಳುವ ಎಚ್ ಆ್ಯಂಡ್ ಎಂ ಜೊತೆ ಒಪ್ಪಂದವಾಯಿತು. ಅದನ್ನು ದಿಂಡಿಗಲ್ ಒಪ್ಪಂದ ಎನ್ನುತ್ತಾರೆ. ಕಾರ್ಮಿಕರಲ್ಲೇ ಪ್ರತಿ 25 ಜನಕ್ಕೆ ಒಬ್ಬರಂತೆ ಆರಿಸಿ ತರಬೇತಿ ಕೊಡುವುದು, ಎಲ್ಲಿ ಕಿರುಕುಳ ಕಂಡರೂ ಅವರು ಕೂಡಲೇ ದೂರು ಮುಟ್ಟಿಸುವುದು ಅದರ ಮುಖ್ಯ ಅಂಶ. ಅಂದರೆ ಹುಡುಗಿ ದೂರು ಹೊತ್ತುಕೊಂಡು ಎಲ್ಲಿಗೋ ಓಡಬೇಕಿಲ್ಲ. ಪಕ್ಕದ ಮೆಷಿನ್ನಿನ ಅಕ್ಕನಿಗೆ ಹೇಳಿದರೆ ಸಾಕು. ಒಂದು ಜೀವ ಹೋಗುವ ಮೊದಲೇ ಈ ಬುದ್ಧಿ ಬರಬಾರದಿತ್ತೇ?

ಮಾರ್ಚ್ 8 ಬಂದರೆ ನಾವೆಲ್ಲ ಮಹಿಳಾ ಮಂಡಳದಲ್ಲಿ ರಂಗೋಲಿ ಸ್ಪರ್ಧೆ ಮಾಡ್ತೀವಿ, ಒಂದೇ ಬಣ್ಣದ ಸೀರೆ ಉಡ್ತೀವಿ. ಮಾಡೋಣ, ಅದೂ ಬೇಕು. ಆದರೆ ಆ ದಿನದ ಬೇರು ಇರುವುದು ದುಡಿಯುವ ಹೆಂಗಸರ ಹೋರಾಟದಲ್ಲಿ. 1909ರಲ್ಲಿ ನ್ಯೂಯಾರ್ಕಿನ ಸುಮಾರು 20,000 ಹೊಲಿಗೆ ಕೆಲಸದವರು, ಬಹುತೇಕ ಹುಡುಗಿಯರು, ಮುಷ್ಕರ ಹೂಡಿದ್ದರು. 1911ರ ಮಾರ್ಚ್ 25ರಂದು ಅದೇ ಊರಿನ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಹೋಗುವ ಬಾಗಿಲಿಗೆ ಬೀಗ ಹಾಕಿದ್ದರಿಂದ ತಪ್ಪಿಸಿಕೊಳ್ಳಲು ಆಗದೆ ಹೋಯಿತು. ಸತ್ತವರು 146. ಕೆಲಸದ ಹೊತ್ತಿನಲ್ಲಿ ಹೊರಗೆ ಹೋಗಬಾರದು ಎಂದು ಹಾಕಿದ ಬೀಗ ಅದು. ಬಾತ್‌ರೂಮಿಗೆ ಹೋದದ್ದಕ್ಕೂ ಲೆಕ್ಕ ಕೇಳುವ ಇಂದಿನ ಮೇಲ್ವಿಚಾರಕನ ಮನಸ್ಸಿನಲ್ಲೂ ಅಂಥದ್ದೇ ಒಂದು ಬೀಗ ಇಲ್ಲವೇ?

ಕಾನೂನು ಏನನ್ನುತ್ತೆ?

'ದೂರು ಕೊಡು' ಎನ್ನುವುದು ಸುಲಭ. ಎಲ್ಲಿ, ಹೇಗೆ? ಇದನ್ನು ಕತ್ತರಿಸಿ ಇಟ್ಟುಕೊಳ್ಳಿ, ಯಾರಿಗಾದರೂ ಬೇಕಾದೀತು.

* ಮೈ ಮುಟ್ಟುವುದು, ಅಸಹ್ಯ ಮಾತು, ಅಶ್ಲೀಲ ಸನ್ನೆ, 'ನಾನು ಹೇಳಿದ ಹಾಗೆ ಕೇಳಿದರೆ ಸುಲಭದ ಕೆಲಸ ಕೊಡ್ತೀನಿ' ಎನ್ನುವುದು, ಇವೆಲ್ಲ ಲೈಂಗಿಕ ಕಿರುಕುಳವೇ. 2013ರ ಕಾನೂನಿನ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಮಹಿಳೆಯದೇ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಒಬ್ಬರು ಹೊರಗಿನವರು. ಸಮಿತಿ ರಚಿಸದ ಮಾಲೀಕನಿಗೆ 50,000 ರೂಪಾಯಿ ತನಕ ದಂಡ ಬೀಳಬಹುದು.

* ಕಂಪನಿಯ ಕಾಯಂ ನೌಕರಳೇ ಆಗಿರಬೇಕಿಲ್ಲ. ಗುತ್ತಿಗೆ ಮೇಲೆ ಕಸ ಗುಡಿಸುವವಳಿಗೂ, ದಿನಗೂಲಿಯವಳಿಗೂ ಈ ಕಾನೂನು ಅನ್ವಯ.

* ನಾಲ್ಕೈದು ಜನರ ಮಗ್ಗದ ಶೆಡ್ಡು, ಸಣ್ಣ ಅಂಗಡಿ ಆದರೆ? ಅಥವಾ ಕಿರುಕುಳ ಕೊಟ್ಟವನು ಮಾಲೀಕನೇ ಆದರೆ? ಆಗ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ನಮ್ಮ ಕಡೆಯವರಿಗೆ ಅದು ಬಾಗಲಕೋಟೆ.

* ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ಅವಳಿಗೆ ಸ್ವತಃ ದೂರು ಕೊಡಲು ಸಾಧ್ಯವಾಗದಿದ್ದರೆ, ಅವಳ ಲಿಖಿತ ಒಪ್ಪಿಗೆ ಪಡೆದು, ವಿಷಯ ಗೊತ್ತಿರುವ ಬೇರೆಯವರೂ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

* 'ಸಾಕ್ಷಿ ಇಲ್ಲದಿದ್ದರೆ ನಮ್ಮ ಮೇಲೆಯೇ ಕೇಸು ಹಾಕ್ತಾರಂತೆ' ಎಂಬ ಹೆದರಿಕೆ ಬಹಳ ಜನಕ್ಕಿದೆ. ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ ಎಂದು ಕಾನೂನೇ ಹೇಳುತ್ತೆ. ಅವಳ ಹೆಸರು, ವಿವರ ಬಹಿರಂಗ ಮಾಡುವಂತಿಲ್ಲ.

* ಲೈಂಗಿಕ ಸ್ವರೂಪದ್ದಲ್ಲದ ಬೈಗುಳ, ಸಂಬಳ ಕಡಿತ, ರಜೆಯ ತಕರಾರು ಆದರೆ? 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಕಾರ್ಮಿಕ ಇಲಾಖೆಗೂ ಅರ್ಜಿ ಕೊಡಬಹುದು. ಹೆಚ್ಚುವರಿ ಗಂಟೆ ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕು ಎನ್ನುವುದು ಹಳೆಯ ಕಾನೂನಿನಲ್ಲೂ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ನೇಮಕಾತಿ ಪತ್ರವನ್ನು ಕೇಳಿ ಪಡೆಯಿರಿ. ಅದು ಅವರು ಮಾಡುವ ಉಪಕಾರವಲ್ಲ.

* ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತೆ. ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100, ತುರ್ತಿಗೆ 112.

ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಎಂದಲ್ಲ. 2025ರಲ್ಲಿ ಕರ್ನಾಟಕ ಸರ್ಕಾರ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ ಎಂದು ಘೋಷಿಸಿತು. ಗಾರ್ಮೆಂಟ್ಸ್‌ನವರಿಗೂ ಅದು ಸೇರಿತ್ತು. ಒಳ್ಳೆಯದೇ. ಆದರೆ ಆ ರಜೆಯನ್ನು ಯಾರ ಮುಂದೆ ನಿಂತು ಕೇಳಬೇಕು? ಐದು ನಿಮಿಷ ಬಾತ್‌ರೂಮಿಗೆ ಹೋಗಿದ್ದಕ್ಕೆ ಕೂಗಾಡಿದ ಅದೇ ಮೇಲ್ವಿಚಾರಕನ ಮುಂದೆ! ಅವನ ಎದುರು ತಲೆ ಎತ್ತಲು ಧೈರ್ಯವಿಲ್ಲದಿದ್ದರೆ ವಿಧಾನಸೌಧದಲ್ಲಿ ಬರೆದ ಹಕ್ಕು ಅಲ್ಲೇ ಉಳಿಯುತ್ತೆ.

ನೀವು ಏನು ಮಾಡಬಹುದು?

ಆ ಧೈರ್ಯ ಎಲ್ಲಿಂದ ಬರಬೇಕು? ಇಲ್ಲೇ ನೋಡಿ, ಮನೆಯಲ್ಲಿರುವ ನಮ್ಮ ಪಾತ್ರ ಇರುವುದು.

ಒಂದು, ಪೂರ್ತಿ ಕೇಳಿ. 'ನೀ ಏನ್ ಮಾಡಿದ್ದಿ? ನೀ ಯಾಕ ನಗಾಡಿದಿ?' ಎಂಬ ಪ್ರಶ್ನೆ ಬೇಡವೇ ಬೇಡ. ಆ ಒಂದು ಪ್ರಶ್ನೆ ಕೇಳಿದರೆ ಹುಡುಗಿ ಇನ್ನೊಮ್ಮೆ ಬಾಯಿ ಬಿಡುವುದಿಲ್ಲ.

ಎರಡು, ಬರೆದಿಡಲು ಹೇಳಿ. ತಾರೀಖು, ಹೊತ್ತು, ಅವನು ಆಡಿದ ಮಾತು ಇದ್ದ ಹಾಗೆ, ಹತ್ತಿರ ಯಾರಿದ್ದರು. ಅವಳಿಗೆ ಬರೆಯಲು ಬಾರದಿದ್ದರೆ ನೀವು ಬರೆದುಕೊಡಿ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ವರ್ಷಗಟ್ಟಲೆ ತಪ್ಪದೆ ಬರೆದಿಡುವ ನಮಗೆ ಇದೇನು ಕಷ್ಟ? ದೂರು ಕೊಟ್ಟಾಗ ಒಂದು ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಳ್ಳಲಿ.

ಮೂರು, 'ಒಬ್ಬಳೇ ಹೋಗಬ್ಯಾಡ' ಎನ್ನಿ. ಬೈಗುಳ ತಿಂದವಳು ಇವಳೊಬ್ಬಳೇ ಆಗಿರಲಿಕ್ಕಿಲ್ಲ. ಒಬ್ಬಳು ಹೋದರೆ ಜಗಳಗಂಟಿ ಅಂತಾರೆ. ಹತ್ತು ಜನ ಹೋದರೆ ಕುರ್ಚಿ ಕೊಟ್ಟು ಕೂರಿಸ್ತಾರೆ. ಸಂಘ, ಯೂನಿಯನ್ ಎಂದ ಕೂಡಲೇ ಮೂಗು ಮುರಿಯಬೇಡಿ. ನಮ್ಮ ಸ್ತ್ರೀಶಕ್ತಿ ಗುಂಪು ಬ್ಯಾಂಕಿನ ಎದುರು ನಮಗೆ ಹೇಗೆ ಬಲ ಕೊಟ್ಟಿತೋ ಅವರ ಸಂಘವೂ ಅವರಿಗೆ ಹಾಗೆಯೇ.

ನಾಲ್ಕು, ಅವಳ ಮನೆಯವರ ಜೊತೆ ಮಾತಾಡಿ. 'ದೂರು ಕೊಟ್ಟರ ಮಗಳ ಹೆಸರು ಕೆಡತೈತಿ' ಎಂಬ ಅಂಜಿಕೆ ತಾಯಿಗೆ ಇದ್ದೇ ಇರುತ್ತೆ. 'ಹೆಸರು ಕೆಡಬೇಕಾದ್ದು ಅವಂದು, ನಿನ್ನ ಮಗಳದಲ್ಲ' ಎಂದು ಹೇಳುವ ಒಬ್ಬ ಅಕ್ಕ ಬೇಕು. ಆ ಅಕ್ಕ ನೀವೇ ಯಾಕಾಗಬಾರದು?

ಐದನೆಯದು ಸ್ವಲ್ಪ ಖಾರ ಅನ್ನಿಸಬಹುದು, ಬೇಜಾರು ಮಾಡ್ಕೋಬೇಡಿ. ಕೆಲಸದವಳು ಅರ್ಧ ಗಂಟೆ ತಡವಾಗಿ ಬಂದರೆ ನಮ್ಮ ದನಿ ಹೇಗಿರುತ್ತೆ? ಒಂದು ದಿನ ಜ್ವರ ಎಂದರೆ ನಂಬುತ್ತೀವಾ? ಅವಳಿಗೆ ನಮ್ಮ ಮನೆಯ ಬಚ್ಚಲುಮನೆ ಬಳಸಲು ಬಿಡುತ್ತೀವಾ? ಮನೆಗೆಲಸದವರಿಗೂ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ಕೂಲಿ ನಿಗದಿ ಮಾಡಿತ್ತು. ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಕಾರ್ಖಾನೆಯಲ್ಲಿ ಅವನೊಬ್ಬ ಸೂಪರ್‌ವೈಸರ್ ಆದರೆ ಅಡುಗೆಮನೆಯಲ್ಲಿ ನಾವೂ ಒಂದು ರೀತಿ ಸೂಪರ್‌ವೈಸರೇ. ತಾಯಿಯನ್ನು ಗೌರವದಿಂದ ನಡೆಸಿಕೊಳ್ಳುವ ಮನೆ ಒಂದಾದರೂ ಇದ್ದರೆ 'ಹೀಗೂ ಕೆಲಸ ಮಾಡಿಸಬಹುದು' ಎಂದು ಮಗಳಿಗೆ ಗೊತ್ತಾಗುತ್ತೆ. ಗೊತ್ತಾದವಳು ಬೈಗುಳವನ್ನು ಹಣೆಬರಹ ಎಂದುಕೊಳ್ಳುವುದಿಲ್ಲ.

ಸಹನೆ ಹೆಣ್ಣಿಗೆ ಭೂಷಣ ಎಂದು ನಮಗೆಲ್ಲ ಕಲಿಸಿದ್ದಾರೆ. ಇರಲಿ, ಮಗುವಿನ ಹಟಕ್ಕೆ, ಮುದುಕರ ಗೊಣಗಾಟಕ್ಕೆ ಸಹನೆ ಬೇಕು. ಆದರೆ ಸಂಬಳ ಕೊಡುವವನು ಕೊಳ್ಳುವುದು ಅವಳ ದುಡಿಮೆಯನ್ನು ಮಾತ್ರ, ಅವಳ ಮಾನವನ್ನಲ್ಲ. ಆದ್ದರಿಂದ ಇನ್ನು ಮೇಲೆ ಯಾರಾದರೂ ಕಣ್ಣೊರೆಸಿಕೊಳ್ಳುತ್ತಾ ಬಂದರೆ 'ಹೊಂದಿಕೊಂಡು ಹೋಗು' ಎಂಬ ಮಾತು ಬಾಯಿಗೆ ಬರುವ ಮೊದಲು ಒಂದು ಗುಟುಕು ನೀರು ಕುಡಿಯಿರಿ. ಆಮೇಲೆ ಕೇಳಿ: 'ಯಾವತ್ತು ಆತು? ಯಾರಾರ ಇದ್ರು? ಬಾ ಕುಂದರು, ಬರೆಯೋಣ.'